ಹೇಳಿಕೊಂಡ ಮಗುವಿಗೆ ನಾವು ಏನು ಮಾಡುತ್ತೇವೆ

(ಮಕ್ಕಳು ಎದುರಿಸುವ ಆನ್‌ಲೈನ್ ಕಿರುಕುಳದ ಬಗ್ಗೆ ಚಿಕ್ಕಮಗಳೂರಿನಲ್ಲಿ ಪೋಷಕರು ಮತ್ತು ಪ್ರೌಢಶಾಲಾ ಶಿಕ್ಷಕರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ವೇದಿಕೆಯ ಮೇಲಿರುವ ಹಿರಿಯರಿಗೆ, ಬೆಳಗಿನ ಬಸ್ಸು ಹಿಡಿದು ದೂರದ ಊರುಗಳಿಂದ ಬಂದಿರುವ ತಂದೆತಾಯಿಯರಿಗೆ, ನನ್ನ ಸಹೋದ್ಯೋಗಿ ಶಿಕ್ಷಕರಿಗೆ ನಮಸ್ಕಾರಗಳು.

ನಮ್ಮ ಜಿಲ್ಲೆಯ ಮಲೆನಾಡಿನ ತಾಲ್ಲೂಕುಗಳಲ್ಲಿ ಜುಲೈ ಎಂದರೆ ಮಳೆ ರಜೆಯ ತಿಂಗಳು. ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೆಲವು ವರ್ಷಗಳ ಹಿಂದೆ ಅಂಥದೊಂದು ರಜೆಯಲ್ಲಿ, ಶಾಲೆಗೆ ನಾಲ್ಕು ದಿನ ಬೀಗ ಬಿದ್ದಿದ್ದಾಗ, ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕಾಫಿ ತೋಟದ ಲೈನ್ ಮನೆಯಿಂದ ಕೊಡೆ ಹಿಡಿದು ಹೊರಟು, ನೆಟ್‌ವರ್ಕ್ ಸಿಗುವ ದಿಬ್ಬದವರೆಗೆ ದಿನಕ್ಕೆ ಎರಡು ಮೂರು ಸಲ ನಡೆದು ಹೋಗಿ ಬರುತ್ತಿದ್ದಳು. ಕಾಲಿಗೆ ಇಂಬಳ ಹತ್ತಿಸಿಕೊಂಡು ಮನೆಗೆ ಬರುತ್ತಿದ್ದ ಮಗಳನ್ನು ನೋಡಿ ತಾಯಿ, ಇವಳಿಗೆ ಓದಿನ ಮೇಲೆ ಎಷ್ಟು ಆಸ್ಥೆ ಎಂದುಕೊಂಡಿದ್ದರು. ಅವಳು ಹೋಗುತ್ತಿದ್ದುದು ತರಗತಿಯ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ತನ್ನ ಬಗ್ಗೆ ಹೊಸದಾಗಿ ಏನು ಬಂದಿದೆ ಎಂದು ನೋಡುವುದಕ್ಕೆ.

ಆ ಮಗುವಿನ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಹೇಳುತ್ತಿದ್ದೇನೆ. ಶಾಲೆಯ ಸಮಾರಂಭವೊಂದರಲ್ಲಿ ಅವಳು ಹಾಡುವಾಗ ಸಾಲು ಮರೆತು ನಿಂತಳು, ವೇದಿಕೆಯ ಮೇಲೆಯೇ ಅತ್ತುಬಿಟ್ಟಳು. ಯಾರೋ ಅದನ್ನು ಫೋನಿನಲ್ಲಿ ಹಿಡಿದರು. ಅಳುವ ಆ ಮುಖವನ್ನು ಕತ್ತರಿಸಿ, ಕೆಳಗೆ ಒಂದು ಅಡ್ಡಹೆಸರು ಬರೆದು, ಸ್ಟಿಕರ್ ಮಾಡಿ ಗ್ರೂಪಿಗೆ ಹಾಕಿದರು. ಮೊದಲ ದಿನ ಇಬ್ಬರು ಮೂವರು ಅದನ್ನು ಬಳಸಿದರು. ಮೂರನೆಯ ದಿನದ ಹೊತ್ತಿಗೆ ಯಾರು ಏನೇ ಕೇಳಿದರೂ ಉತ್ತರವಾಗಿ ಅದೇ ಸ್ಟಿಕರ್ ಬರತೊಡಗಿತು. ‘ನಾಳೆನೂ ರಜೆಯಾ?’ ಎಂಬ ಪ್ರಶ್ನೆಗೂ ಅವಳ ಅಳುವ ಮುಖವೇ ಉತ್ತರ. ನಲವತ್ತು ಮಕ್ಕಳಿದ್ದ ಆ ಗ್ರೂಪಿನಲ್ಲಿ ಒಬ್ಬ ಶಿಕ್ಷಕರೂ ಇರಲಿಲ್ಲ, ಏಕೆಂದರೆ ಅದು ಶಿಕ್ಷಕರಿಲ್ಲದಿರಲೆಂದೇ ಮಕ್ಕಳು ಮಾಡಿಕೊಂಡಿದ್ದ ಎರಡನೆಯ ಗ್ರೂಪು.

ಶಾಲೆ ತೆರೆದಾಗ ಅವಳು ಬರಲಿಲ್ಲ. ಹೊಟ್ಟೆನೋವು ಎಂದರು. ಅವಳ ಗೆಳತಿ ಬಂದು ನನಗೆ ಸಂಗತಿ ತಿಳಿಸಿದಳು. ಮೂರನೆಯ ದಿನ ಅವಳು ಬಂದಾಗ ಕರೆದು ಕೂರಿಸಿಕೊಂಡು ಕೇಳಿದೆ. ಅವಳು ಆಡಿದ ಮೊದಲ ಮಾತು ಆ ಹುಡುಗರ ಬಗ್ಗೆ ಆಗಿರಲಿಲ್ಲ, ಸ್ಟಿಕರ್ ಬಗ್ಗೆಯೂ ಆಗಿರಲಿಲ್ಲ. ‘ಮಿಸ್, ಅಪ್ಪನಿಗೆ ಹೇಳ್ಬೇಡಿ. ಆಮೇಲೆ ಫೋನ್ ಮುಟ್ಟೋಕೇ ಬಿಡಲ್ಲ’ ಎಂದಳು.

ನಾನು ಈ ಹೊತ್ತು ಹೇಳಬೇಕೆಂದು ಬಂದಿರುವುದು ಈ ಒಂದು ಮಾತಿನ ಸುತ್ತಲೇ ಇದೆ. ಆನ್‌ಲೈನ್ ಕಿರುಕುಳವನ್ನು ಗುರುತಿಸುವುದು ಹೇಗೆ ಎಂದು ನೀವು ಕೇಳುತ್ತೀರಿ. ಅದನ್ನು ಅತ್ಯಂತ ಚೆನ್ನಾಗಿ ಬಲ್ಲವರು ಅದನ್ನು ಅನುಭವಿಸುತ್ತಿರುವ ಮಕ್ಕಳೇ. ಅವರಿಗೆ ಗೊತ್ತಿದೆ, ಅವರು ಹೇಳುತ್ತಿಲ್ಲ. ಹೇಳದಿರುವುದಕ್ಕೆ ಅವರಿಗೆ ಸಕಾರಣವಿದೆ: ಹೇಳಿಕೊಂಡರೆ ಮೊದಲು ಶಿಕ್ಷೆಯಾಗುವುದು ತಮಗೇ ಎಂಬುದನ್ನು ಅವರು ನಮ್ಮನ್ನು ನೋಡಿ ಕಲಿತಿದ್ದಾರೆ. ಫೋನು ಕಿತ್ತುಕೊಳ್ಳುತ್ತೇವೆ. ‘ನೀನು ಆ ಗ್ರೂಪಿಗೆ ಯಾಕೆ ಸೇರಿದೆ’ ಎನ್ನುತ್ತೇವೆ. ಹೆಣ್ಣುಮಗುವಾದರೆ ‘ಫೋಟೊ ಯಾಕೆ ಹಾಕಿದೆ’ ಎಂದು ಕೇಳುತ್ತೇವೆ. ಕೆಲವು ಮನೆಗಳಲ್ಲಿ ಓದು ಬಿಡಿಸುವ ಮಾತೂ ಬರುತ್ತದೆ. ಇಷ್ಟೆಲ್ಲ ತೆರಬೇಕಾದ ಮಗು ಸುಮ್ಮನಿರುವುದನ್ನು ಆರಿಸಿಕೊಂಡರೆ ಅದನ್ನು ದಡ್ಡತನವೆಂದು ನಾನು ಕರೆಯಲಾರೆ.

‘ನೋಡಬೇಡ, ಫೋನ್ ಆಚೆ ಇಡು’ ಎಂಬ ಸಲಹೆ ನಮ್ಮ ನಾಲಿಗೆಯ ತುದಿಯಲ್ಲೇ ಇರುತ್ತದೆ. ಮಳೆಯಲ್ಲಿ ದಿಬ್ಬ ಹತ್ತುತ್ತಿದ್ದ ಆ ಹುಡುಗಿಯ ಮನೆಯಲ್ಲಿ ಫೋನು ತಾನಾಗಿಯೇ ಆಚೆ ಇತ್ತು; ನೆಟ್‌ವರ್ಕ್ ಇರಲಿಲ್ಲ, ಎರಡು ದಿನ ಕರೆಂಟೂ ಇರಲಿಲ್ಲ. ಆದರೂ ಅವಳು ಹೋದಳು. ತನ್ನ ಬೆನ್ನ ಹಿಂದೆ ನಲವತ್ತು ಜನ ಏನು ಆಡಿಕೊಳ್ಳುತ್ತಿದ್ದಾರೆ ಎಂಬುದು ಹದಿನಾಲ್ಕು ವರ್ಷದ ಮಗುವಿಗೆ ತಿಳಿಯದೆ ಇರಲು ಸಾಧ್ಯವಿಲ್ಲ. ನಾಳೆ ಅದೇ ನಲವತ್ತು ಜನರ ನಡುವೆ ಹೋಗಿ ಕೂರಬೇಕಾದವಳು ಅವಳು.

ಇನ್ನು ಕಿರುಕುಳ ಎಂದು ಯಾವುದನ್ನು ಕರೆಯಬೇಕು ಎಂಬ ಪ್ರಶ್ನೆ. ಮಕ್ಕಳು ಜಗಳವಾಡುತ್ತಾರೆ, ಕೀಟಲೆ ಮಾಡುತ್ತಾರೆ, ಎರಡನೆಯ ದಿನ ಒಂದೇ ಡಬ್ಬಿಯಲ್ಲಿ ಊಟ ಮಾಡುತ್ತಾರೆ. ಅದೆಲ್ಲವನ್ನೂ ಅಪರಾಧವೆಂದು ನೋಡತೊಡಗಿದರೆ ನಾವು ಮಕ್ಕಳ ಬಾಲ್ಯವನ್ನೇ ಠಾಣೆಗೆ ಒಯ್ದಂತೆ ಆಗುತ್ತದೆ. ಶಾಲೆಗಳಲ್ಲಿನ ಕಿರುಕುಳದ ಬಗ್ಗೆ 1970ರ ದಶಕದಿಂದ ನಾರ್ವೆ, ಸ್ವೀಡನ್‌ಗಳಲ್ಲಿ ಅಧ್ಯಯನ ನಡೆಸಿದ ಮನೋವಿಜ್ಞಾನಿ ಡಾನ್ ಓಲ್ವಿಯಸ್ ಮೂರು ಗುರುತುಗಳನ್ನು ಹೇಳಿದರು. ನೋಯಿಸುವ ಉದ್ದೇಶ ಇರಬೇಕು, ಅದು ಮತ್ತೆ ಮತ್ತೆ ನಡೆಯಬೇಕು, ಮತ್ತು ನೋಯಿಸುವವರಿಗೂ ನೋಯುವವರಿಗೂ ನಡುವೆ ಬಲದ ಅಂತರವಿರಬೇಕು. ಶಾಲೆಯ ಮೈದಾನಕ್ಕೆ ಇದು ಸರಿಯಾಗಿ ಹೊಂದುತ್ತದೆ. ಫೋನಿಗೆ ಬಂದಾಗ ಈ ಮೂರನ್ನೂ ಸ್ವಲ್ಪ ತಿರುಗಿಸಿ ನೋಡಬೇಕಾಗುತ್ತದೆ. ಒಬ್ಬ ಹುಡುಗ ಒಂದೇ ಒಂದು ಸಲ ಹಾಕಿದ ಚಿತ್ರವನ್ನು ಇನ್ನೂರು ಜನ ಫಾರ್ವರ್ಡ್ ಮಾಡಿದರೆ ಅವನ ಮಟ್ಟಿಗೆ ಅದು ಒಂದು ಸಲ, ಅವಳ ಮಟ್ಟಿಗೆ ಇನ್ನೂರು ಸಲ. ಬಲವೆಂದರೆ ಇಲ್ಲಿ ತೋಳ್ಬಲವಲ್ಲ. ಮುಖ ತೋರಿಸದ ನಕಲಿ ಖಾತೆ ಒಂದು ಬಲ, ಗ್ರೂಪಿನ ಅಡ್ಮಿನ್ ಆಗಿರುವುದು ಒಂದು ಬಲ, ಇನ್ನೊಬ್ಬರ ಖಾಸಗಿ ಮೆಸೇಜಿನ ಸ್ಕ್ರೀನ್‌ಶಾಟ್ ಕೈಯಲ್ಲಿರುವುದು ಎಲ್ಲಕ್ಕಿಂತ ದೊಡ್ಡ ಬಲ. ಉದ್ದೇಶದ ವಿಷಯದಲ್ಲಂತೂ ಸಿಕ್ಕಿಬಿದ್ದ ಪ್ರತಿ ಮಗುವೂ ‘ತಮಾಷೆಗೆ ಮಾಡಿದ್ದು’ ಎಂದೇ ಹೇಳುತ್ತದೆ, ಮತ್ತು ಎಷ್ಟೋ ಸಲ ಅದು ಸುಳ್ಳೂ ಅಲ್ಲ. ಹಾಗಾಗಿ ನಾನು ಕೇಳುವುದು ಬೇರೆ ಪ್ರಶ್ನೆ: ಇದರಲ್ಲಿ ಇಬ್ಬರೂ ನಗುತ್ತಿದ್ದಾರೆಯೆ, ಅಥವಾ ಒಬ್ಬರು ಮಾತ್ರವೆ? ‘ಬೇಡ, ತೆಗಿ’ ಎಂದ ಮೇಲೂ ಮುಂದುವರಿಯಿತೆ?

ಅದರ ರೂಪಗಳು ದಿನಕ್ಕೊಂದು ಹುಟ್ಟುತ್ತವೆ. ಬೆದರಿಕೆಯ ಮೆಸೇಜು, ಹೊಲಸು ಮಾತು ಎಲ್ಲರಿಗೂ ಕಾಣುತ್ತವೆ. ಕಾಣದೆ ಹೋಗುವವು ಬೇರೆ. ಒಬ್ಬಳನ್ನು ಬಿಟ್ಟು ಉಳಿದವರೆಲ್ಲ ಸೇರಿ ಹೊಸ ಗ್ರೂಪು ಮಾಡುವುದು. ಹೆಸರು ಹೇಳದೆ, ಆದರೆ ಇಡೀ ತರಗತಿಗೆ ಯಾರೆಂದು ಗೊತ್ತಾಗುವಂತೆ ಸ್ಟೇಟಸ್ ಹಾಕುವುದು. ಬಣ್ಣ, ಜಾತಿ, ತೊದಲು ಮಾತು, ಅಮ್ಮ ಮಾಡುವ ಕೆಲಸ ಇವುಗಳನ್ನೇ ಅಡ್ಡಹೆಸರು ಮಾಡಿ ಕಮೆಂಟಿನಲ್ಲಿ ಬರೆಯುವುದು. ಶಾಲೆಯ ಹೆಸರಿನಲ್ಲಿ ಟ್ರೋಲ್ ಪೇಜ್ ತೆರೆದು ಹುಡುಗ ಹುಡುಗಿಯರ ಹೆಸರು ಜೋಡಿಸುವುದು. ಆಟದ ಆ್ಯಪ್‌ನಲ್ಲಿ ತಂಡದವರೆಲ್ಲ ಸೇರಿ ಒಬ್ಬನನ್ನು ಬಯ್ಯುವುದು. ಈಗ ಸಾಮಾನ್ಯ ಫೋಟೊವೊಂದನ್ನು ಕೃತಕ ಬುದ್ಧಿಮತ್ತೆಯ ಆ್ಯಪ್‌ಗೆ ಕೊಟ್ಟು ಅಶ್ಲೀಲವಾಗಿ ಮಾರ್ಪಡಿಸುವುದೂ ಇದಕ್ಕೆ ಸೇರಿದೆ.

ನಮ್ಮ ಕಡೆಯ ಒಂದು ಸಂಗತಿಯನ್ನು ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ದೊಡ್ಡ ನಗರದವರ ಸಲಹೆಗಳಲ್ಲಿ ಅದು ಇರುವುದಿಲ್ಲ. 2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ ಆನ್‌ಲೈನ್ ಪಾಠಕ್ಕೆಂದು ಎಷ್ಟೋ ಮನೆಗಳಿಗೆ ಮೊದಲ ಸ್ಮಾರ್ಟ್‌ಫೋನ್ ಬಂತು. ಆ ಫೋನು ಮಗುವಿನದಲ್ಲ, ಅಪ್ಪನದು; ಕೆಲವು ಕಡೆ ಅಣ್ಣನದು. ತರಗತಿಯ ಗ್ರೂಪಿನಲ್ಲಿರುವುದು ಅಪ್ಪನ ನಂಬರು. ಅಂದರೆ ಮಗುವನ್ನು ಹೀಯಾಳಿಸಿದ ಮೆಸೇಜು ತೋಟದಲ್ಲಿ ಕೆಲಸ ಮಾಡುತ್ತಿರುವ ಅಪ್ಪನ ಜೇಬಿನಲ್ಲಿ ಬಂದು ಕೂರುತ್ತದೆ, ಸಂಜೆ ಅವರು ಅದನ್ನು ಮಗಳಿಗಿಂತ ಮೊದಲು ನೋಡಿರಬಹುದು ಎಂಬ ಭಯದಲ್ಲಿ ಅವಳು ಇಡೀ ದಿನ ಕಳೆಯುತ್ತಾಳೆ. ಹಾಗೆಯೇ ನಿಮ್ಮ ಮಗನೇ ಇನ್ನೊಬ್ಬರಿಗೆ ಕಿರುಕುಳ ಕೊಟ್ಟಿದ್ದರೆ, ಪೊಲೀಸರು ನಂಬರಿನ ಜಾಡು ಹಿಡಿದು ಬರುವುದು ಸಿಮ್ ಯಾರ ಹೆಸರಿನಲ್ಲಿದೆಯೋ ಅವರ ಬಳಿಗೆ. ಅದು ಬಹುಪಾಲು ನೀವೇ ಆಗಿರುತ್ತೀರಿ.

ಲಕ್ಷಣಗಳ ಬಗ್ಗೆ ಹೇಳುವಾಗ ಒಂದು ಎಚ್ಚರ ಬೇಕು. ಹದಿಹರೆಯದ ಮಗು ಕೋಣೆ ಸೇರಿಕೊಳ್ಳುವುದು, ಮುಂಗೋಪ, ಊಟ ಬೇಡವೆನ್ನುವುದು ಇವೆಲ್ಲ ವಯಸ್ಸಿನ ಗುಣವೂ ಆಗಿರಬಹುದು. ನೋಡಬೇಕಾದದ್ದು ಬದಲಾವಣೆಯನ್ನು. ನಿನ್ನೆಯವರೆಗೆ ಹೀಗಿರದ ಮಗು ಇವತ್ತು ಹೀಗಿದೆಯೇ ಎಂಬುದನ್ನು. ಮೆಸೇಜ್ ಬಂದ ಸದ್ದಿಗೆ ಬೆಚ್ಚುವುದು, ಫೋನು ನೋಡಿದ ಮೇಲೆ ಮುಖ ಬಾಡುವುದು, ಇಷ್ಟಪಟ್ಟು ಮಾಡಿಕೊಂಡಿದ್ದ ಖಾತೆಯನ್ನು ಇದ್ದಕ್ಕಿದ್ದಂತೆ ಅಳಿಸಿಬಿಡುವುದು, ಭಾನುವಾರ ರಾತ್ರಿ ಶುರುವಾಗಿ ಶನಿವಾರ ಮಧ್ಯಾಹ್ನ ತಾನಾಗಿ ವಾಸಿಯಾಗುವ ತಲೆನೋವು, ದಿನವೂ ಹೋಗುತ್ತಿದ್ದ ಬಸ್ಸು ಬಿಟ್ಟು ಅರ್ಧ ಗಂಟೆ ತಡವಾದ ಇನ್ನೊಂದು ಬಸ್ಸಿಗೆ ಕಾಯುವುದು. ಈ ಕೊನೆಯದನ್ನು ನಾನು ಹಲವು ಸಲ ಕಂಡಿದ್ದೇನೆ, ಮತ್ತು ಅದು ಪೋಷಕರ ಗಮನಕ್ಕೆ ಬರುವುದು ಬಹಳ ಅಪರೂಪ. ಇನ್ನೊಂದು ಬದಿಯೂ ಇದೆ. ನೀವು ಬಂದ ಕೂಡಲೇ ಪರದೆ ಮುಚ್ಚುವುದು, ಒಂದೇ ಆ್ಯಪ್‌ನಲ್ಲಿ ಎರಡು ಮೂರು ಖಾತೆ ಇಟ್ಟುಕೊಳ್ಳುವುದು, ಇನ್ನೊಬ್ಬ ಮಗುವಿನ ಬಗ್ಗೆ ಯಾವಾಗಲೂ ಅಡ್ಡಹೆಸರಿನಲ್ಲೇ ಮಾತಾಡಿ ನಗುವುದು ಕಂಡರೆ ಕಿರುಕುಳ ಕೊಡುತ್ತಿರುವುದು ನಮ್ಮ ಮಗುವೇ ಇರಬಹುದೇ ಎಂದು ಕೇಳಿಕೊಳ್ಳುವ ಧೈರ್ಯ ನಮಗಿರಬೇಕು. ತಾನು ಸಾಯಬೇಕು, ತಾನಿದ್ದು ಏನು ಪ್ರಯೋಜನ ಎಂಬರ್ಥದ ಮಾತು ಮಗುವಿನ ಬಾಯಿಂದ ಬಂದರೆ ಕಾಯಬೇಡಿ. ಮಗುವನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರ ಬಳಿ ಕರೆದೊಯ್ಯಿರಿ. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಈಗ ನನ್ನ ತಪ್ಪಿನ ಬಗ್ಗೆ ಹೇಳುತ್ತೇನೆ. ಆ ಹುಡುಗಿ ತನ್ನ ಅಪ್ಪನಿಗೆ ಹೇಳಬೇಡಿ ಎಂದಾಗ ನಾನು ಒಪ್ಪಿದೆ, ಮತ್ತು ನ್ಯಾಯ ಮಾಡುವ ಉತ್ಸಾಹದಲ್ಲಿ ಮರುದಿನ ಬೆಳಗ್ಗೆ ತರಗತಿಗೆ ಹೋಗಿ ಸ್ಟಿಕರ್ ಮಾಡಿದ ಹುಡುಗನನ್ನು ಎಲ್ಲರೆದುರು ನಿಲ್ಲಿಸಿ ಅವಳ ಹತ್ತಿರ ಕ್ಷಮೆ ಕೇಳಿಸಿದೆ. ಅವನು ಕೇಳಿದ. ಅವಳು ತಲೆ ತಗ್ಗಿಸಿ ನಿಂತಿದ್ದಳು. ನನಗೆ ಸಮಾಧಾನವಾಯಿತು. ಅಂದು ರಾತ್ರಿಯೇ ಅವಳನ್ನು ಬಿಟ್ಟು ಮೂರನೆಯ ಗ್ರೂಪು ಹುಟ್ಟಿಕೊಂಡಿತು, ಅದರಲ್ಲಿ ಅವಳಿಗೆ ಎರಡನೆಯ ಅಡ್ಡಹೆಸರು ಬಿತ್ತು. ಅದರ ಅರ್ಥ ಚಾಡಿಕೋರಿ ಎಂದು. ಅವಳನ್ನು ಕೇಳದೆ ನಾನು ಹೆಜ್ಜೆ ಇಟ್ಟಿದ್ದೆ. ಹೇಳಿಕೊಂಡಿದ್ದಕ್ಕೆ ಅವಳಿಗೆ ಮತ್ತೊಮ್ಮೆ ಶಿಕ್ಷೆಯಾಗಿತ್ತು, ಈ ಸಲ ನನ್ನ ಕೈಯಿಂದ.

ಆ ಮೇಲೆ ನಾನು ರೂಢಿಸಿಕೊಂಡ ಕ್ರಮ ಸರಳವಾದದ್ದು. ಮಗು ಹೇಳಿದಾಗ ಮೊದಲು ಪೂರ್ತಿ ಕೇಳುವುದು, ‘ಯಾಕೆ’ ಎಂಬ ಪ್ರಶ್ನೆಯನ್ನು ಅಂದಿನ ಮಟ್ಟಿಗೆ ಬಿಡುವುದು, ‘ಹೇಳಿದ್ದು ಒಳ್ಳೆಯದಾಯಿತು’ ಎನ್ನುವುದು, ಮುಂದೆ ಏನಾಗಬೇಕೆಂದು ಮಗುವನ್ನೇ ಕೇಳುವುದು. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡುವುದನ್ನು ನಿಲ್ಲಿಸಿದ್ದೇನೆ, ಏಕೆಂದರೆ ಕೆಲವು ಸಂಗತಿಗಳಲ್ಲಿ ಆ ಮಾತು ಉಳಿಸಿಕೊಳ್ಳಲು ಕಾನೂನೇ ಬಿಡುವುದಿಲ್ಲ. ಅದರ ಬದಲು ‘ನಿನಗೆ ಗೊತ್ತಿಲ್ಲದೆ ಯಾರಿಗೂ ಹೇಳುವುದಿಲ್ಲ’ ಎನ್ನುತ್ತೇನೆ. ಆ ಹುಡುಗಿಯ ತಂದೆಗೆ ಕೊನೆಗೆ ಅವಳ ಒಪ್ಪಿಗೆಯಿಂದಲೇ ತಿಳಿಸಿದೆವು. ಅವರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ‘ನಾನು ಬೈತೀನಿ ಅಂತ ಅಲ್ವಾ ಮೇಡಂ ಅವಳು ಹೇಳ್ದೆ ಇದ್ದಿದ್ದು’ ಎಂದು ಕೇಳಿದರು. ನಾನು ಹೌದು ಎಂದೆ. ಅವರು ಬಯ್ಯಲಿಲ್ಲ, ಫೋನನ್ನೂ ಕಿತ್ತುಕೊಳ್ಳಲಿಲ್ಲ.

ಕೇಳಿದ ನಂತರದ ಕೆಲಸ ಸಾಕ್ಷ್ಯದ್ದು, ಮತ್ತು ಅದನ್ನು ಬ್ಲಾಕ್ ಮಾಡುವ ಮೊದಲು ಮಾಡಬೇಕು. ಸಿಟ್ಟಿನಲ್ಲಿ ಎಲ್ಲವನ್ನೂ ಅಳಿಸಿಬಿಡುವ ಪೋಷಕರೇ ಹೆಚ್ಚು. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದವರು ಮೆಸೇಜನ್ನು ಎಲ್ಲರ ಫೋನಿನಿಂದಲೂ ಅಳಿಸಲು ಸುಮಾರು ಎರಡು ದಿನಗಳ ಅವಕಾಶವಿದೆ. ಇನ್‌ಸ್ಟಾಗ್ರಾಂ ಸ್ಟೋರಿ 24 ಗಂಟೆಗಳಲ್ಲಿ ತಾನಾಗಿಯೇ ಮಾಯವಾಗುತ್ತದೆ. ಹಾಗಾಗಿ ಕಳಿಸಿದವರ ನಂಬರು ಅಥವಾ ಖಾತೆಯ ಹೆಸರು, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಸ್ಕ್ರೀನ್‌ಶಾಟ್ ತೆಗೆಯಲು ಬಿಡದ ಮೆಸೇಜಾದರೆ ಇನ್ನೊಂದು ಫೋನಿನಲ್ಲಿ ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ. ಮಗುವಿನ ಹೆಸರಿನಲ್ಲಿ ನೀವು ಉತ್ತರ ಬರೆಯಬೇಡಿ, ಆ ಕಡೆಯ ಹುಡುಗನಿಗೆ ಫೋನ್ ಮಾಡಿ ಬೆದರಿಸಲೂಬೇಡಿ. ಆ ನಂತರ ಆ್ಯಪ್‌ನಲ್ಲಿಯೇ ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿ. ಬ್ಲಾಕ್ ಮಾಡಿದರೆ ಎದುರಿನವರಿಗೆ ತಿಳಿದು ಇನ್ನಷ್ಟು ಕೆರಳುತ್ತಾರೆಂಬ ಭಯ ಮಗುವಿಗಿದ್ದರೆ, ಇನ್‌ಸ್ಟಾಗ್ರಾಂನಲ್ಲಿ ರಿಸ್ಟ್ರಿಕ್ಟ್ ಎಂಬ ಸೌಲಭ್ಯವಿದೆ. ಅದನ್ನು ಹಾಕಿದರೆ ಆ ವ್ಯಕ್ತಿಯ ಕಮೆಂಟ್ ಅವರಿಗೆ ಮಾತ್ರ ಕಾಣುತ್ತದೆ, ತಡೆ ಹಾಕಿದ್ದು ಅವರಿಗೆ ತಿಳಿಯುವುದಿಲ್ಲ. ವಾಟ್ಸ್ಆ್ಯಪ್‌ನ ಪ್ರೈವಸಿ ಸೆಟ್ಟಿಂಗ್‌ನಲ್ಲಿ ನಮ್ಮನ್ನು ಗ್ರೂಪಿಗೆ ಸೇರಿಸಬಹುದಾದವರು ಪರಿಚಿತರು ಮಾತ್ರ ಎಂದು ಬದಲಿಸಿಕೊಳ್ಳಲು ಒಂದು ನಿಮಿಷ ಸಾಕು. ನಮ್ಮನ್ನು ಕೇಳದೆ ಹೊಸ ಹೊಸ ಗ್ರೂಪುಗಳಿಗೆ ಎಳೆದು ಹಾಕಿ ಬಯ್ಯುವುದು ಇದರಿಂದ ಬಹಳ ಮಟ್ಟಿಗೆ ನಿಲ್ಲುತ್ತದೆ. ಇಂದು ಸಭೆ ಮುಗಿದ ಮೇಲೆ ಬೇಕಾದವರಿಗೆ ನಾನೇ ಮಾಡಿಕೊಡುತ್ತೇನೆ.

ಅಶ್ಲೀಲ ಚಿತ್ರಗಳ ವಿಷಯ ಬೇರೆಯೇ ಆದದ್ದು, ಅದರಲ್ಲಿ ಮೇಲೆ ಹೇಳಿದ ಸ್ಕ್ರೀನ್‌ಶಾಟ್ ನಿಯಮ ಅನ್ವಯಿಸುವುದಿಲ್ಲ. 18 ವರ್ಷದೊಳಗಿನ ಯಾವುದೇ ಮಗುವಿನ ಅಂಥ ಚಿತ್ರವನ್ನು ಹಂಚುವುದು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ 2012ರ ಅಡಿಯಲ್ಲಿಯೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಸೆಕ್ಷನ್ ಅಡಿಯಲ್ಲಿಯೂ ಅಪರಾಧ. 67ಬಿ ಪ್ರಕಾರ ಮೊದಲ ಸಲದ ಅಪರಾಧಕ್ಕೇ 5 ವರ್ಷಗಳವರೆಗೆ ಸಜೆ ಮತ್ತು 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಚಿತ್ರ ನಿಜವಾದದ್ದಲ್ಲ, ಕಂಪ್ಯೂಟರಿನಲ್ಲಿ ಸೃಷ್ಟಿಸಿದ್ದು ಎಂಬ ಸಮಜಾಯಿಷಿ ನಡೆಯುವುದಿಲ್ಲ. 2019ರ ತಿದ್ದುಪಡಿಯಲ್ಲಿ ನಿಜದಂತೆಯೇ ಕಾಣುವ ಕೃತಕ ಚಿತ್ರಗಳನ್ನೂ ಪೋಕ್ಸೊ ವ್ಯಾಖ್ಯೆಯೊಳಗೆ ತರಲಾಗಿದೆ. ಇಂಥ ಚಿತ್ರಗಳನ್ನು ಇಟ್ಟುಕೊಳ್ಳುವುದೂ ಅಪರಾಧವಾಗಬಹುದೆಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿತು. ಶಿಕ್ಷಕ ಬಂಧುಗಳು ಇದನ್ನು ದಯವಿಟ್ಟು ಗಮನವಿಟ್ಟು ಕೇಳಬೇಕು. ‘ಇದು ನಮ್ಮ ಶಾಲೆಯ ಹುಡುಗಿಯಾ ನೋಡಿ’ ಎಂದು ಒಬ್ಬರು ಇನ್ನೊಬ್ಬರಿಗೆ ಒಳ್ಳೆಯ ಉದ್ದೇಶದಿಂದಲೇ ಕಳಿಸಿದರೂ ಅದು ಹಂಚಿಕೆಯೇ. ಪ್ರತಿ ಫಾರ್ವರ್ಡ್‌ಗೂ ಆ ಮಗುವನ್ನು ಮತ್ತೊಬ್ಬರು ನೋಡಿದರು ಎಂದರ್ಥ. ಲಿಂಕ್, ಖಾತೆಯ ಹೆಸರು, ಸಮಯವನ್ನು ಕಾಗದದ ಮೇಲೆ ಬರೆದುಕೊಂಡು ಪೊಲೀಸರಿಗೆ ತಿಳಿಸಿ. ಇಂಥ ಅಪರಾಧ ಗೊತ್ತಾದ ಮೇಲೆ ತಿಳಿಸದೆ ಇರುವುದೂ ಪೋಕ್ಸೊ 19 ಮತ್ತು 21ನೇ ಸೆಕ್ಷನ್‌ಗಳ ಪ್ರಕಾರ ಅಪರಾಧವಾಗುತ್ತದೆ. ಶಾಲೆಯ ಮರ್ಯಾದೆ ಹೋಗುತ್ತದೆಂದು ಒಳಗೊಳಗೇ ಮುಚ್ಚಿಹಾಕುವ ಅವಕಾಶ ಯಾರಿಗೂ ಇಲ್ಲ.

ಹುಡುಗರ ವಿಷಯದಲ್ಲಿ ನಾವು ಇನ್ನೂ ಅಜಾಗರೂಕರು. ಹುಡುಗಿಯ ಹೆಸರಿನ ನಕಲಿ ಖಾತೆಯಿಂದ ಸ್ನೇಹ ಬೆಳೆಸಿ, ವಿಡಿಯೊ ಕರೆಯಲ್ಲಿ ಬಟ್ಟೆ ತೆಗೆಸಿ ರೆಕಾರ್ಡ್ ಮಾಡಿಕೊಂಡು, ಹಣ ಕೊಡದಿದ್ದರೆ ನಿನ್ನ ಸಂಪರ್ಕದಲ್ಲಿರುವವರಿಗೆಲ್ಲ ಕಳಿಸುತ್ತೇವೆಂದು ಬೆದರಿಸುವ ಜಾಲಗಳಿಗೆ ಹದಿನಾರು ಹದಿನೇಳರ ಹುಡುಗರು ಸಿಕ್ಕಿಬೀಳುತ್ತಾರೆ. ಗಂಡು ಮಗನಿಗೆ ಏನಾಗುತ್ತದೆ ಎಂದು ನಾವು ನಿಶ್ಚಿಂತರಾಗಿರುವ ಮನೆಯಲ್ಲಿ ಅವನು ಹೇಳುವುದಾದರೂ ಯಾರಿಗೆ? ಹಣ ಕೊಡಬಾರದು, ಕೊಟ್ಟರೆ ಬೇಡಿಕೆ ಹೆಚ್ಚುತ್ತದೆ. ಈಗಾಗಲೇ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ನಮ್ಮ ದೇಶದಲ್ಲಿ ಸೈಬರ್ ಕಿರುಕುಳ ಎಂಬ ಹೆಸರಿನದೇ ಒಂದು ಪ್ರತ್ಯೇಕ ಕಾನೂನು ಇಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ಅಡಿಯಲ್ಲಿ ದೂರು ಕೊಡಿ ಎಂದು ಈಗಲೂ ಕೆಲವರು ಹೇಳುವುದುಂಟು. ಅದನ್ನು ಸುಪ್ರೀಂ ಕೋರ್ಟ್ 2015ರಲ್ಲಿಯೇ ರದ್ದುಗೊಳಿಸಿದೆ. ಆದರೆ ಅದೇ ಕಾಯ್ದೆಯಲ್ಲಿ ಇನ್ನೊಬ್ಬರ ಪಾಸ್‌ವರ್ಡ್ ಬಳಸುವುದಕ್ಕೆ 66ಸಿ, ಬೇರೆಯವರಂತೆ ನಟಿಸಿ ವಂಚಿಸುವುದಕ್ಕೆ 66ಡಿ, ಖಾಸಗಿ ಅಂಗಗಳ ಚಿತ್ರ ತೆಗೆದು ಹಂಚುವುದಕ್ಕೆ 66ಇ ಇವೆ. ಬೆದರಿಕೆ, ಹೆಣ್ಣುಮಕ್ಕಳ ಬೆನ್ನು ಹತ್ತುವುದು ಇವು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಪರಾಧಗಳು. ಜಿಲ್ಲಾ ಕೇಂದ್ರದಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳಿಗೆಂದೇ ಸಿಇಎನ್ ಠಾಣೆಯಿದೆ. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ಮಕ್ಕಳ ಅಶ್ಲೀಲ ಚಿತ್ರಗಳ ಬಗ್ಗೆ ಹೆಸರು ಹೇಳದೆಯೂ ದೂರು ಸಲ್ಲಿಸಬಹುದು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ನಗ್ನತೆಯ ಅಥವಾ ತಿರುಚಿದ ಚಿತ್ರಗಳ ಬಗ್ಗೆ ಸಂತ್ರಸ್ತರು ಅಥವಾ ಅವರ ಪರವಾಗಿ ಬೇರೆಯವರು ದೂರಿದರೆ 24 ಗಂಟೆಗಳೊಳಗೆ ತೆಗೆಯಬೇಕೆಂದು ಜಾಲತಾಣ ಕಂಪನಿಗಳಿಗೆ ವಿಧಿಸಿದವು. ಟೇಕ್ ಇಟ್ ಡೌನ್ ಎಂಬ ಉಚಿತ ಸೇವೆಯೂ ಒಂದಿದೆ. ಚಿತ್ರವನ್ನು ಯಾರಿಗೂ ಕಳಿಸದೆ, ನಮ್ಮ ಫೋನಿನಲ್ಲಿಯೇ ಬೆರಳ ಗುರುತಿನಂತೆ ಆ ಚಿತ್ರವನ್ನು ಮಾತ್ರ ಗುರುತಿಸುವ ಅಂಕಿಗಳ ಸಾಲೊಂದನ್ನು ತಯಾರಿಸಿ ಅದನ್ನು ಮಾತ್ರ ಕಳಿಸಿದರೆ, ಈ ವ್ಯವಸ್ಥೆಗೆ ಸೇರಿರುವ ಜಾಲತಾಣಗಳು ಅಂಥ ಚಿತ್ರವನ್ನು ಹುಡುಕಿ ತೆಗೆಯಬಲ್ಲವು. ವಾಟ್ಸ್ಆ್ಯಪ್‌ನ ಖಾಸಗಿ ಮೆಸೇಜುಗಳಿಗೆ ಮಾತ್ರ ಇದು ತಲುಪುವುದಿಲ್ಲ.

ಕಾನೂನಿನ ಬಗ್ಗೆ ಇಷ್ಟು ಸಾಕು. ಹೆಚ್ಚಿನ ಪ್ರಕರಣಗಳು ಠಾಣೆಯ ತನಕ ಹೋಗುವಂಥವಲ್ಲ, ಹೋಗಬೇಕಾದವೂ ಅಲ್ಲ. ಅವು ತರಗತಿಯಲ್ಲಿ ಹುಟ್ಟಿ ತರಗತಿಯಲ್ಲಿಯೇ ನಿಲ್ಲಬೇಕು, ಮತ್ತು ನಿಲ್ಲಿಸುವ ಶಕ್ತಿ ಇರುವುದು ಉಳಿದ ಮೂವತ್ತೆಂಟು ಮಕ್ಕಳಲ್ಲಿ. ಕೆನಡಾದ ಸಂಶೋಧಕರು ಶಾಲಾ ಮೈದಾನಗಳಲ್ಲಿ ಮಕ್ಕಳ ವರ್ತನೆಯನ್ನು ವಿಡಿಯೊ ಮಾಡಿ ಗಮನಿಸಿ 2001ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಿರುಕುಳ ನಡೆಯುವಾಗ ಬಹುತೇಕ ಸಲ ಸುತ್ತ ಬೇರೆ ಮಕ್ಕಳು ಇದ್ದೇ ಇದ್ದರು. ಅವರು ನಡುವೆ ಪ್ರವೇಶಿಸಿದ್ದು ಐದರಲ್ಲಿ ಒಂದಕ್ಕಿಂತ ಕಡಿಮೆ ಸಲ. ಪ್ರವೇಶಿಸಿದಾಗ ಅರ್ಧಕ್ಕಿಂತ ಹೆಚ್ಚು ಸಲ 10 ಸೆಕೆಂಡುಗಳೊಳಗೆ ಕಿರುಕುಳ ನಿಂತಿತು. ಮೈದಾನದ ಲೆಕ್ಕ ಗ್ರೂಪಿಗೆ ಹಾಗೆಯೇ ಹೊಂದುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಆ ಮೊದಲ ಸಂಜೆ ಇಬ್ಬರು ಮೂವರು ಮಾತ್ರ ಸ್ಟಿಕರ್ ಬಳಸುತ್ತಿದ್ದಾಗ ಅಡ್ಮಿನ್ ಆಗಿದ್ದ ಹುಡುಗ ಅದನ್ನು ಅಳಿಸಿದ್ದರೆ, ಅಥವಾ ಯಾರಾದರೊಬ್ಬರು ‘ಸಾಕು ಬಿಡ್ರೋ’ ಎಂದು ಬರೆದಿದ್ದರೆ, ಮೂರನೆಯ ದಿನ ಹಾಗೆ ಬರುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ. ಗ್ರೂಪಿನಲ್ಲಿ ಎದುರು ಮಾತಾಡುವ ಧೈರ್ಯ ಎಲ್ಲ ಮಕ್ಕಳಿಗೂ ಇರುವುದಿಲ್ಲ. ಅವರಿಂದ ಅದನ್ನು ಕೇಳಲೂಬಾರದು. ಸ್ಟಿಕರ್ ಬಳಸದೆ ಇರುವುದು, ನಗುವ ಗುರುತು ಒತ್ತದೆ ಇರುವುದು, ನೊಂದವರಿಗೆ ಪ್ರತ್ಯೇಕವಾಗಿ ಒಂದು ಸಾಲು ಬರೆಯುವುದು ಅವರಿಂದ ಆಗುತ್ತದೆ. ಆ ನಾಲ್ಕು ದಿನಗಳಲ್ಲಿ ಒಬ್ಬನೇ ಒಬ್ಬ ಹುಡುಗ ಅವಳಿಗೆ ‘ಬೇಜಾರ್ ಮಾಡ್ಕೋಬೇಡ, ಚೆನ್ನಾಗೇ ಹಾಡ್ತಿದ್ದೆ’ ಎಂದು ಬರೆದಿದ್ದ. ಎಸ್ಸೆಸ್ಸೆಲ್ಸಿ ಮುಗಿಸಿ ಹೋಗುವ ದಿನವೂ ಅವಳು ಆ ಮೆಸೇಜನ್ನು ಅಪ್ಪನ ಫೋನಿನಲ್ಲಿ ಅಳಿಸದೆ ಉಳಿಸಿಕೊಂಡಿದ್ದಳು.

ಸ್ಟಿಕರ್ ಮಾಡಿದ ಹುಡುಗನ ಬಗ್ಗೆಯೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಅವನಿಗೂ ಒಂದು ಅಡ್ಡಹೆಸರಿತ್ತು. ವರ್ಷಗಳ ಹಿಂದೆ ಅವನ ಮೈಕಟ್ಟು ನೋಡಿ ಅದನ್ನು ಇಟ್ಟವರು ಒಬ್ಬ ಶಿಕ್ಷಕರು. ಆ ಹೆಸರಿನಲ್ಲಿಯೇ ಅವನನ್ನು ಕರೆದು ನಾವೆಲ್ಲ ನಕ್ಕಿದ್ದೆವು, ಅವನೂ ನಕ್ಕಿದ್ದ. ಅವನು ಕಲಿತದ್ದು ನಮ್ಮಿಂದ. ಅವನೊಂದಿಗೆ ಒಬ್ಬಂಟಿಯಾಗಿ ಕುಳಿತು, ತರಗತಿಯ ಕಣ್ಣಿಲ್ಲದ ಕಡೆ ಮಾತಾಡಿದಾಗ ಅವನು ಹೇಳಿದ್ದು, ‘ನನಗೂ ಹಂಗೇ ಅನ್ಸಿತ್ತು ಮಿಸ್, ಯಾರೂ ಕೇಳ್ಲಿಲ್ಲ.’ ಕಾನೂನು ಕೂಡ 18ರೊಳಗಿನವರನ್ನು ಬಾಲ ನ್ಯಾಯ ಮಂಡಳಿಯ ಮುಂದೆ ಒಯ್ಯುವುದು ತಿದ್ದುವ ಉದ್ದೇಶದಿಂದಲೇ, ಅವರ ಹೆಸರನ್ನೂ ಪ್ರಕಟಿಸುವಂತಿಲ್ಲ. ನಿಮ್ಮ ಮಗುವಿನ ಮೇಲೆ ದೂರು ಬಂದರೆ ‘ನನ್ನ ಮಗ ಅಂಥವನಲ್ಲ’ ಎನ್ನುವ ಮೊದಲು ಒಂದು ರಾತ್ರಿ ಕಾಯಿರಿ. ಹೊಡೆಯಬೇಡಿ. ಹಾಕಿದ್ದನ್ನು ಅವನ ಕೈಯಲ್ಲಿಯೇ ತೆಗೆಸಿ, ಯಾರ ಯಾರಿಗೆ ಹೋಗಿದೆಯೋ ಅವರಿಗೆ ಅಳಿಸುವಂತೆ ಅವನೇ ಹೇಳಲಿ. ಎಲ್ಲರೆದುರು ಕೇಳಿಸುವ ಕ್ಷಮೆಗಿಂತ ಅದು ಹೆಚ್ಚು ಕಷ್ಟದ ಕೆಲಸ, ಹೆಚ್ಚು ಉಪಯುಕ್ತ ಕೂಡ.

ನಾವು ದೊಡ್ಡವರು ನಮ್ಮ ಫೋನಿನಲ್ಲಿ ಏನು ಮಾಡುತ್ತೇವೆ ಎಂಬುದನ್ನೂ ಮಕ್ಕಳು ನೋಡುತ್ತಿದ್ದಾರೆ. ಕಿರುಪರೀಕ್ಷೆಯ ಅಂಕಪಟ್ಟಿಯನ್ನು ಹೆಸರು ಸಮೇತ ಪೋಷಕರ ಗ್ರೂಪಿಗೆ ಹಾಕುವ ಶಾಲೆಗಳಿವೆ. ಕೊನೆಯ ಸಾಲಿನ ಮಗುವಿಗೆ ಅಂದು ಸಂಜೆ ಏನಾಗುತ್ತದೆ ಎಂದು ಹಾಕಿದವರು ಯೋಚಿಸಿರುವುದಿಲ್ಲ. ತಪ್ಪು ಉತ್ತರ ಹೇಳಿದ ಮಗುವಿನ ವಿಡಿಯೊ ಮಾಡಿ ನಗುವುದಕ್ಕೆಂದು ಹರಿಬಿಡುವ ಶಿಕ್ಷಕರಿದ್ದಾರೆ, ಮಗಳು ಬೇಡವೆಂದರೂ ಅವಳ ಫೋಟೊವನ್ನು ನೆಂಟರ ಗ್ರೂಪಿಗೆ ಹಾಕುವ ತಂದೆತಾಯಿಯರಿದ್ದಾರೆ. ಇವನ್ನು ನಿಲ್ಲಿಸದೆ ಮಕ್ಕಳಿಗೆ ಉಪದೇಶ ಮಾಡುವ ಹಕ್ಕು ನಮಗಿಲ್ಲ. ಶಾಲೆಗಳು ಇದನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ ಚರ್ಚೆಗೆ ತರಲಿ. ವರ್ಷಕ್ಕೊಮ್ಮೆ ಗ್ರಾಮ ಪಂಚಾಯಿತಿಯಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಆಟದ ಮೈದಾನ, ಶೌಚಾಲಯಗಳ ಜೊತೆಗೆ ಈ ವಿಷಯವನ್ನೂ ಮಕ್ಕಳೇ ಎತ್ತಲಿ. ಮನೆಯಲ್ಲಿ ಮಾತ್ರ ಒಂದೇ ಒಂದು ಒಪ್ಪಂದ ಸಾಕು, ಮತ್ತು ಅದನ್ನು ಏನೂ ನಡೆಯದ ಒಂದು ಸಾಮಾನ್ಯ ದಿನ ಮಾಡಿಕೊಳ್ಳಬೇಕು: ‘ಫೋನಿನಲ್ಲಿ ಏನೇ ಆದರೂ ನನಗೆ ಹೇಳು; ಹೇಳಿದ್ದಕ್ಕೆ ಫೋನು ಕಿತ್ತುಕೊಳ್ಳುವುದಿಲ್ಲ.’ ಒಮ್ಮೆ ಮಾತು ಮುರಿದರೆ ಎರಡನೆಯ ಅವಕಾಶ ಸಿಗಲಿಕ್ಕಿಲ್ಲ.

ಮಾತು ಮುಗಿದ ಮೇಲೆ ನಡೆದ ಒಂದು ಸಂಭಾಷಣೆಯನ್ನು ಈ ಬರಹಕ್ಕೆ ಸೇರಿಸುತ್ತಿದ್ದೇನೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ತಾಯಿಯೊಬ್ಬರು ಎಲ್ಲರೂ ಎದ್ದು ಹೋಗುವವರೆಗೆ ಕಾದಿದ್ದು ಬಳಿಗೆ ಬಂದರು. ‘ನಂಗೆ ಓದಕ್ಕೆ ಬರಲ್ಲ ಮೇಡಂ. ಮಗಳು ಫೋನಲ್ಲಿ ಏನು ನೋಡ್ತಾಳೋ ನಂಗೆ ಹೆಂಗೆ ಗೊತ್ತಾಗ್ಬೇಕು’ ಎಂದರು. ಮಗಳು ಇತ್ತೀಚೆಗೆ ಹೇಗಿದ್ದಾಳೆ ಎಂದು ಕೇಳಿದೆ. ಎರಡು ವಾರದಿಂದ ಜಡೆ ಹಾಕಿಸಿಕೊಳ್ಳಲು ತನ್ನ ಹತ್ತಿರ ಬರುತ್ತಿಲ್ಲ, ಬೆಳಗ್ಗೆ ಬೇಗ ಎದ್ದು ತಾನೇ ಹಾಕಿಕೊಂಡು ಮಾತಿಲ್ಲದೆ ಹೋಗುತ್ತಾಳೆ ಎಂದರು. ಫೋನು ಓದಬಲ್ಲ ಎಷ್ಟೋ ಜನರಿಗೆ ಕಾಣದ್ದು ನಿಮಗೆ ಕಂಡಿದೆ ಎಂದು ಹೇಳಿ, ಅವಳ ತರಗತಿಯ ಶಿಕ್ಷಕಿಯನ್ನು ಅಲ್ಲಿಯೇ ಕರೆದು ಪರಿಚಯಿಸಿದೆ. ಶಾಲೆಯ ಗೋಡೆಯ ಮೇಲೆ ಬರೆದಿರುವ 1098 ಮಕ್ಕಳ ಸಹಾಯವಾಣಿಯ ನಂಬರು, ಅದಕ್ಕೆ ದುಡ್ಡು ಬೀಳುವುದಿಲ್ಲ, ರಾತ್ರಿಯೂ ಮಾಡಬಹುದು ಎಂದೆ. ಅವರು ತಮ್ಮ ಕೀಪ್ಯಾಡ್ ಫೋನನ್ನು ನನ್ನ ಕೈಗೆ ಕೊಟ್ಟರು. ಯಾವ ಹೆಸರಿನಲ್ಲಿ ಇಡಲಿ ಎಂದು ಕೇಳಿದೆ. ‘ಹೆಸರು ಹಾಕಿದ್ರೆ ನಂಗೆ ಗೊತ್ತಾಗಲ್ಲ. ಎರಡು ಒತ್ತಿ ಹಿಡಿದ್ರೆ ನಮ್ಮಣ್ಣನಿಗೆ ಹೋಗುತ್ತೆ. ಇದನ್ನ ಮೂರಕ್ಕೆ ಹಾಕ್ಕೊಡಿ’ ಎಂದರು. ಮೂರಕ್ಕೆ ಹಾಕಿಕೊಟ್ಟೆ. ಅವರು ಆ ಗುಂಡಿಯನ್ನು ಹೆಬ್ಬೆರಳಿನಿಂದ ಎರಡು ಸಲ ಸವರಿ ನೋಡಿಕೊಂಡು, ಫೋನನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬಸ್ಸಿಗೆ ಹೋದರು.